ಪಾಕ್‌ಚಿಕ್‌ಗೆ ಸುಸ್ತಾಗಿದೆ, ಸರ್

ನಮ್ಮ ಕಂಪನಿಯ ಪ್ರತಿ ಲಾರಿಯಲ್ಲೂ ಡ್ರೈವರನ ತಲೆಯ ಮೇಲೆ ಹಳದಿ ಬಣ್ಣದ ಒಂದು ಕಾರ್ಡು ಅಂಟಿಸಿರುತ್ತಿತ್ತು. ಮೇಲೆ ಇಂಗ್ಲಿಷ್, ಕೆಳಗೆ ಚೀನೀ ಮತ್ತು ಮಲಯ್. ಅದರಲ್ಲಿದ್ದದ್ದು ಇಷ್ಟೇ: ‘ನನಗೆ ಸುಸ್ತಾಗಿದೆ’ ಎಂದು ಡ್ರೈವರ್ ಹೇಳಿದರೆ ಅವನು ಗಾಡಿ ಓಡಿಸುವಂತಿಲ್ಲ, ಓಡಿಸು ಎಂದು ಯಾರೂ ಅವನನ್ನು ಒತ್ತಾಯಿಸುವಂತಿಲ್ಲ, ಹಾಗೆ ಹೇಳಿದ್ದಕ್ಕೆ ಅವನ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವಂತಿಲ್ಲ. ಕಂಪನಿ ಯೂರೋಪಿನದು. ಅಲ್ಲಿನ ಡ್ರೈವರುಗಳು ಈ ಮಾತನ್ನು ಕಾಫಿ ಬೇಕು ಎನ್ನುವಷ್ಟು ಸಲೀಸಾಗಿ ಹೇಳುತ್ತಾರಂತೆ. ಸಿಂಗಪುರದ ಜುರಾಂಗಿನಲ್ಲಿದ್ದ ನಮ್ಮ ಯಾರ್ಡಿನಲ್ಲಿ ನಾನು ಸೇರಿದಂದಿನಿಂದ ಒಬ್ಬನ ಬಾಯಿಯಿಂದಲೂ ಅದನ್ನು ಕೇಳಿರಲಿಲ್ಲ. ಯಾರಿಗೂ ಸುಸ್ತಾಗುತ್ತಿರಲಿಲ್ಲ ಎಂದಲ್ಲ. ನಮ್ಮ ತುಳುವಿನಲ್ಲಿ ಬಚ್ಚೆಲ್ ಎನ್ನುತ್ತೇವೆ, ಆ ಬಚ್ಚೆಲ್ ನಮ್ಮೆಲ್ಲರ ಮುಖದ ಮೇಲೆಯೇ ಬರೆದಿರುತ್ತಿತ್ತು. ಆದರೆ ಹೇಳುವುದೆಂದರೆ ಬೇರೆ.

ತೊಂಬತ್ತರ ದಶಕದ ನಡುಭಾಗ ಅದು. ಮಲೇಷ್ಯಾದ ಉದ್ದಕ್ಕೂ ಹೊಸ ಹೆದ್ದಾರಿ ಪೂರ್ತಿಯಾಗಿ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಸಿಂಗಪುರದಿಂದ ಕಂಪ್ಯೂಟರ್ ಬಿಡಿಭಾಗಗಳನ್ನು ಪಿನಾಂಗಿನ ಫ್ಯಾಕ್ಟರಿಗಳಿಗೆ ಒಯ್ಯುವುದು, ಅಲ್ಲಿ ಜೋಡಿಸಿದ ಮಾಲನ್ನು ಚಾಂಗಿ ವಿಮಾನ ನಿಲ್ದಾಣಕ್ಕೆ ತರುವುದು, ಇದು ನಮ್ಮ ಕೆಲಸ. ರಸ್ತೆಯ ಬಗ್ಗೆ ದೂರು ಹೇಳುವ ಹಾಗಿರಲಿಲ್ಲ. ಮಲ್ಪೆಯಿಂದ ಮುಂಬೈಗೆ ಮೀನಿನ ಲಾರಿ ಓಡಿಸಿದವನಿಗೆ ಅಂಥ ರಸ್ತೆಯಲ್ಲಿ ಹೋಗುವುದೇ ಒಂದು ಮರ್ಯಾದೆ. ಪ್ರಾಣ ತೆಗೆಯುತ್ತಿದ್ದದ್ದು ರಸ್ತೆಯಲ್ಲ, ರಸ್ತೆಯ ಎರಡೂ ತುದಿ. ವುಡ್‌ಲ್ಯಾಂಡ್ಸ್ ಚೆಕ್‌ಪಾಯಿಂಟಿನಲ್ಲಿ ಗಡಿ ದಾಟುವ ಲಾರಿಗಳ ಸಾಲು ಇಂಚಿಂಚಾಗಿ ಮುಂದೆ ಹೋಗುತ್ತದೆ. ಕ್ಲಚ್ ಒತ್ತು, ಬಿಡು, ಒತ್ತು, ಬಿಡು. ಎಡಗಾಲು ಸೆಟೆದು ಮರಗಟ್ಟುತ್ತದೆ. ಗಾಡಿಯೊಳಗೆ ಗಡಿಯಾರದಂಥ ಒಂದು ಯಂತ್ರ ಕಾಗದದ ಬಿಲ್ಲೆಯ ಮೇಲೆ ನಾವು ಎಷ್ಟು ಓಡಿಸಿದೆವು, ಎಷ್ಟು ನಿಂತೆವು ಎಂದು ಗೀಚುತ್ತಾ ಇರುತ್ತದೆ. ಚಕ್ರ ಒಂದಡಿ ಉರುಳಿದರೂ ಅದಕ್ಕೆ ಓಡಿಸಿದ ಲೆಕ್ಕ. ಹೀಗಾಗಿ ಗಡಿಯಾಚೆಯ ಜೊಹೋರ್ ದಾಟುವುದರೊಳಗೇ ದಿನಕ್ಕೆ ಓಡಿಸಬಹುದಾದ ಹೊತ್ತಿನ ಅರ್ಧ ಮುಗಿದಿರುತ್ತಿತ್ತು.

ವಿಶ್ರಾಂತಿಯ ವಿಷಯದಲ್ಲಿ ಕಂಪನಿ ಕಟ್ಟುನಿಟ್ಟು. ಒಂದು ಸವಾರಿ ಮುಗಿಸಿ ಬಂದವನು ಇಷ್ಟು ಹೊತ್ತು ಮಲಗಲೇಬೇಕು. ಎಲ್ಲಿ ಮಲಗಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿರಲಿಲ್ಲ. ಯೂರೋಪಿನಲ್ಲಾದರೆ ಸೀಟಿನ ಹಿಂದಿನ ಮಂಚದಲ್ಲಿ. ನಮ್ಮ ಗಾಡಿಗಳಲ್ಲೂ ಆ ಮಂಚ ಇತ್ತು, ಪರದೆ ಇತ್ತು, ಅಷ್ಟೇ ಏಕೆ, ಹಿಮ ಬೀಳುವಾಗ ಬೆಚ್ಚಗೆ ಮಲಗಲೆಂದು ಎಂಜಿನ್ ನಿಲ್ಲಿಸಿದರೂ ಓಡುವ ಹೀಟರ್ ಇತ್ತು! ಸಿಂಗಪುರದಲ್ಲಿ ಹೀಟರ್. ಅದರ ಗುಂಡಿಯನ್ನು ನೋಡಿದಾಗಲೆಲ್ಲ ನನಗೆ ನಗುವೂ ಬರುತ್ತಿತ್ತು, ಮೈಯೂ ಉರಿಯುತ್ತಿತ್ತು. ಎಂಜಿನ್ ನಿಲ್ಲಿಸಿದರೆ ಎ.ಸಿ. ನಿಲ್ಲುತ್ತದೆ, ಯಾರ್ಡಿನೊಳಗೆ ಎಂಜಿನ್ ಸುಮ್ಮನೆ ಓಡಿಸುವಂತಿಲ್ಲ. ಬಿಸಿಲಿಗೆ ಕಾದ ಆ ಡಬ್ಬಿಯೊಳಗೆ ಮಲಗುವುದು ಮನುಷ್ಯರಿಂದ ಆಗುವ ಕೆಲಸವಲ್ಲ.

ಮನೆಗೆ ಹೋಗಿ ಮಲಗಬಹುದಲ್ಲ ಎನ್ನುತ್ತೀರಿ. ನಮ್ಮ ಮನೆ ಆಂಗ್ ಮೋ ಕಿಯೋದಲ್ಲಿ. ಬಸ್ಸು, ರೈಲು, ಊರ ನಡುವೆ ಇಳಿದು ಇನ್ನೊಂದು ರೈಲು, ಮತ್ತೆ ಬಸ್ಸು. ಹೋಗಿ ತಲುಪುವಷ್ಟರಲ್ಲಿ ನಿದ್ದೆಯ ಹೊತ್ತು ಕರಗಿರುತ್ತಿತ್ತು. ನನ್ನ ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ನಾನು ಈ ದೇಶಕ್ಕೆ ಬಂದದ್ದೇ ಅವಳ ಹಿಂದೆ. ಅವಳದು ಬೇರೆ ಪಾಳಿ. ನಾನು ಒಳಗೆ ಬರುವಾಗ ಅವಳು ಹೊರಗೆ ಹೊರಟಿರುತ್ತಿದ್ದಳು, ಎಷ್ಟೋ ಸಲ ನಮ್ಮ ಸಂಸಾರ ನಡೆದದ್ದು ಲಿಫ್ಟಿನ ಬಾಗಿಲಲ್ಲೇ. ಮೇಲಿನ ಫ್ಲ್ಯಾಟಿನವರು ಬೇರೆ ಆ ದಿನಗಳಲ್ಲಿ ಮನೆ ರಿಪೇರಿ ಹಿಡಿದಿದ್ದರು. ಬೆಳಗಿನಿಂದ ಡ್ರಿಲ್ಲಿನ ಸದ್ದು. ದಿಂಬಿನ ಕೆಳಗೆ ತಲೆ ತೂರಿಸಿ ಮಲಗಿ, ಮಲಗದೆ, ಮತ್ತೆ ಎದ್ದು ಯಾರ್ಡಿಗೆ ಬರುತ್ತಿದ್ದೆ. ಕಂಪನಿಯ ಲೆಕ್ಕದಲ್ಲಿ ನಾನು ಭರ್ತಿ ವಿಶ್ರಾಂತಿ ಪಡೆದವನು.

ನಮ್ಮಲ್ಲಿ ನಿಜವಾಗಿ ನಿದ್ದೆ ಮಾಡುತ್ತಿದ್ದವರು ಒಬ್ಬರೇ, ಪಾಕ್‌ಚಿಕ್. ಮಲಯ್ ಭಾಷೆಯಲ್ಲಿ ಹಾಗೆಂದರೆ ಚಿಕ್ಕಪ್ಪ. ಯಾರ್ಡಿನಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರ್, ಎಲ್ಲರಿಗೂ ಪಾಕ್‌ಚಿಕ್ಕೇ. ಬತ್ತಿದ ಮೈ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ಹೊಸ ಹೆದ್ದಾರಿ ಬರುವುದಕ್ಕೆ ಎಷ್ಟೋ ಮೊದಲು, ಊರೂರು ಸುತ್ತಿ ಹೋಗುವ ಹಳೆಯ ರಸ್ತೆಯಲ್ಲಿ ಪಿನಾಂಗ್ ಓಡಿಸಿದವರು. ನನಗೆ ಆ ದಾರಿ ಕಲಿಸಿದವರೂ ಅವರೇ. ಎಲ್ಲಿ ಗಾಳಿ ಅಡ್ಡ ಹೊಡೆಯುತ್ತದೆ, ಯಾವ ಇಳಿಜಾರಿನಲ್ಲಿ ಬ್ರೇಕಿನ ಬದಲು ಗೇರು ನಂಬಬೇಕು, ಯಾವ ಅಂಗಡಿಯಲ್ಲಿ ಮಾಂಸ ಬೆರೆಸದ ಪಲ್ಯ ಸಿಗುತ್ತದೆ ಎಂದು ಹೇಳಿಕೊಟ್ಟಿದ್ದರು. ನನ್ನ ಅರೆಬರೆ ಮಲಯ್ ಕೇಳಿ ಒಂದು ದಿನವೂ ನಕ್ಕವರಲ್ಲ.

ಅವರು ಮಲಗುತ್ತಿದ್ದದ್ದು ಮಾಲು ತುಂಬುವ ಟ್ರೇಲರಿನ ಕೆಳಗೆ. ಆ ಬೋಳು ಯಾರ್ಡಿನಲ್ಲಿ ನೆರಳು ಇದ್ದದ್ದು ಅಲ್ಲಿ ಮಾತ್ರ, ಗಾಳಿಯೂ ಅಲ್ಲಿಯೇ ಆಡುತ್ತಿತ್ತು. ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಹಾಸಿಕೊಂಡರೆ ಮುಗಿಯಿತು. ಇದು ಹಳೆಯ ಡ್ರೈವರುಗಳ ರೂಢಿ, ಅದಕ್ಕೊಂದು ಕಟ್ಟಳೆಯೂ ಇತ್ತು. ಕೆಳಗೆ ಮಲಗುವವನು ಗಾಡಿಯ ಕೀಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳಬೇಕು, ಬೂಟುಗಳನ್ನು ಡ್ರೈವರ್ ಬಾಗಿಲಿನ ಕೆಳಗೆ ಜೋಡಿಸಿಡಬೇಕು. ಬೂಟು ಕಂಡರೆ ಬೇರೆಯವರಿಗೆ ತಿಳಿಯುತ್ತದೆ, ಕೀ ತನ್ನ ಹತ್ತಿರವಿದ್ದರೆ ಗಾಡಿ ಅಲುಗುವುದಿಲ್ಲ. ನಮ್ಮ ಕಡೆಯ ಮೀನಿನ ಲಾರಿಯವರೂ ಹೆಚ್ಚುಕಡಿಮೆ ಹೀಗೇ ಮಾಡುತ್ತಿದ್ದರು, ಹಾಗಾಗಿ ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ನಾನು ಒಮ್ಮೆ ಹಳದಿ ಕಾರ್ಡಿನ ಮಾತೆತ್ತಿದಾಗ ಅವರು ತಲೆ ಅಲ್ಲಾಡಿಸಿದರು. “ನಿದ್ದೆ ಬಂದರೆ ಮಲಗು. ಹೊಟ್ಟೆ ನೋವು ಅನ್ನು, ಜ್ವರ ಅನ್ನು. ಸುಸ್ತು ಅಂತ ಮಾತ್ರ ಬಾಯಿಬಿಡಬೇಡ. ಸುಸ್ತು ಅಂದವನಿಗೆ ಮುದುಕ ಅಂತ ಹೆಸರು ಬೀಳುತ್ತೆ. ಮುದುಕನ ಕೈಗೆ ಯಾರೂ ಸ್ಟೀರಿಂಗ್ ಕೊಡಲ್ಲ.”

ಅವರ ವಯಸ್ಸಿನವರಿಗೆ ಅದು ಬರೀ ಹೆಮ್ಮೆಯ ಮಾತಾಗಿರಲಿಲ್ಲ. ಬೇರೆ ಲಾರಿ ಕಂಪನಿಗಳು ಅವರ ಹುಟ್ಟಿದ ವರ್ಷ ನೋಡಿಯೇ ವಾಪಸು ಕಳಿಸಿದ್ದವು. ಈ ಕಂಪನಿಯೊಂದು ಮಾತ್ರ ಕಣ್ಣು ಪರೀಕ್ಷಿಸಿ, ಓಡಿಸಿ ತೋರಿಸಿ ಎಂದು ಹೇಳಿ, ಕೆಲಸ ಕೊಟ್ಟಿತ್ತು. ಇಲ್ಲಿಂದ ಹೊರಬಿದ್ದರೆ ಇನ್ನೊಂದು ಗೇಟು ತೆರೆಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಷ್ಟರಲ್ಲಿ ಕಂಪನಿ ಹೊಸ ಪದ್ಧತಿ ತಂದಿತು. ಮೊದಲೆಲ್ಲ ಒಬ್ಬ ಡ್ರೈವರನಿಗೆ ಒಂದು ಗಾಡಿ, ಮುಂದಿನ ಎಂಜಿನ್ನೂ ಹಿಂದಿನ ಟ್ರೇಲರೂ ಸೇರಿ. ಪ್ರೈಮ್ ಮೂವರ್ ಎನ್ನುವ ಆ ಎಂಜಿನ್ ಭಾಗವನ್ನು ಟ್ರೇಲರಿನಿಂದ ಬಿಡಿಸಬಹುದು. ಇನ್ನು ಮುಂದೆ ಬಂದವನು ಟ್ರೇಲರನ್ನು ಸಾಲಿನಲ್ಲಿ ಬಿಡಿಸಿಟ್ಟು, ಪ್ರೈಮ್ ಮೂವರನ್ನು ಯಾರ್ಡಿನ ಆ ತುದಿಯಲ್ಲಿ ನಿಲ್ಲಿಸಬೇಕು. ವಿಶ್ರಾಂತಿ ಮುಗಿಸಿದ ಇನ್ನೊಬ್ಬ ತನ್ನ ಪ್ರೈಮ್ ಮೂವರ್ ತಂದು ಆ ಟ್ರೇಲರನ್ನು ಕಟ್ಟಿಕೊಂಡು ಹೋಗಬೇಕು. ಯಾವ ಟ್ರೇಲರನ್ನು ಯಾರು ಯಾವಾಗ ಎಳೆಯಬೇಕು ಎಂದು ಕಂಪ್ಯೂಟರಿನಲ್ಲಿ ಹೊಂದಿಸುತ್ತಿದ್ದವನು ನಮ್ಮ ಕನ್ನಡದವನೇ, ಮೈಸೂರಿನ ಹುಡುಗ. ಹೆಂಡತಿ, ಪುಟ್ಟ ಮಗಳ ಜೊತೆ ಜುರಾಂಗ್ ಈಸ್ಟಿನಲ್ಲಿದ್ದ. ನನ್ನ ಒಂದು ಕೂದಲೂ ನರೆತಿರದ ಕಾಲದಲ್ಲೇ ನನ್ನನ್ನು ಅಂಕಲ್ ಎನ್ನುತ್ತಿದ್ದ. ಒಳ್ಳೆಯವನು.

“ನೋಡಿ ಅಂಕಲ್, ಟ್ರೇಲರ್‌ಗೆ ರೆಸ್ಟ್ ಬೇಕಾಗಿಲ್ಲ, ಡ್ರೈವರ್‌ಗೆ ಬೇಕು. ಅದಕ್ಕೇ ಎರಡನ್ನೂ ಸೆಪರೇಟ್ ಮಾಡ್ಬಿಟ್ವಿ. ಸಿಂಪಲ್!” ಎಂದು ಕ್ಯಾಂಟೀನಿನಲ್ಲಿ ವಿವರಿಸಿದ.

“ಟ್ರೇಲರ್‌ನ ಸಾಲಲ್ಲಿ ಪಾರ್ಕ್ ಮಾಡ್ತೀರಿ. ಡ್ರೈವರ್‌ನ ಎಲ್ಲಿ ಪಾರ್ಕ್ ಮಾಡೋದು?” ಎಂದೆ.

ಅವನು ನಕ್ಕ. “ಅದು ನನ್ನ ಮಾಡ್ಯೂಲ್ ಅಲ್ಲ, ಅಂಕಲ್.”

ನಾನೂ ನಕ್ಕೆ. ಟೀ ಕುಡಿದು ಎದ್ದೆವು.

ಆ ವರ್ಷದ ಕೊನೆಯ ಗಡಿಬಿಡಿಯ ಒಂದು ದಿನ. ಫ್ಯಾಕ್ಟರಿಗಳು ಮಾಲು ಕಳಿಸುವುದರಲ್ಲಿ ಉಸಿರು ಬಿಡುತ್ತಿರಲಿಲ್ಲ. ನಾನು ಹಿಂದಿನ ಸವಾರಿಯ ನಂತರ ಮನೆಗೆ ಹೋಗಿ ಡ್ರಿಲ್ಲಿನ ಸದ್ದು ಕೇಳುತ್ತಾ ಬಿದ್ದಿದ್ದು, ಕಣ್ಣಿನಲ್ಲಿ ಮರಳು ಹಾಕಿಕೊಂಡವನಂತೆ ಯಾರ್ಡಿಗೆ ಬಂದಿದ್ದೆ. ನೆತ್ತಿಯ ಮೇಲೆ ಬಿಸಿಲು. ಮೈಸೂರಿನ ಹುಡುಗ ಆಫೀಸಿನಿಂದ ಓಡುತ್ತಾ ಬಂದ.

“ಅಂಕಲ್, ಫ್ಲೈಟ್ ಟೈಮ್ ಚೇಂಜ್ ಆಗಿದೆ. ಸಂಜೆಗೆ ಇಟ್ಟಿದ್ದ ಪಿನಾಂಗ್ ಟ್ರೇಲರ್ ಇದೆಯಲ್ಲ, ಕೊನೇ ಸಾಲಿಂದು, ಅದನ್ನ ಈಗ್ಲೇ ಚಾಂಗಿಗೆ ಮೂವ್ ಮಾಡ್ಬೇಕು. ನಿಮ್ಗೇ ಅಲಾಟ್ ಮಾಡಿದೀನಿ. ಪ್ಲೀಸ್.”

ಪ್ರೈಮ್ ಮೂವರ್ ಹತ್ತಿದೆ. ಕಟ್ಟುವ ಕೆಲಸ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಮುಚ್ಚಿಯೂ ಮಾಡಬಲ್ಲೆ. ಟ್ರೇಲರಿನ ಎದುರು ನೇರ ನಿಂತು, ಕನ್ನಡಿಯಲ್ಲಿ ಎರಡೂ ಬದಿ ಸಮ ಮಾಡಿಕೊಂಡು, ಮೆಲ್ಲಗೆ ಹಿಂದಕ್ಕೆ ಬಿಟ್ಟೆ. ಪ್ರೈಮ್ ಮೂವರಿನ ಬೆನ್ನ ಮೇಲಿನ ದೊಡ್ಡ ತಟ್ಟೆ ಟ್ರೇಲರಿನ ಹೊಟ್ಟೆಯ ಕೆಳಗೆ ತೂರುತ್ತದೆ, ಟ್ರೇಲರಿನ ದಪ್ಪ ಕಬ್ಬಿಣದ ಗೂಟ ಆ ತಟ್ಟೆಯ ಬಾಯಿಗೆ ಬಂದು ಠಣ್ ಎಂದು ಕಚ್ಚಿಕೊಳ್ಳುತ್ತದೆ. ಇಡೀ ಟ್ರೇಲರ್ ಒಮ್ಮೆ ಮೈ ಕೊಡವುತ್ತದೆ. ಆಮೇಲೆ ಸಣ್ಣ ಗೇರಿನಲ್ಲಿ ಮುಂದಕ್ಕೆ ಒಂದು ಜಗ್ಗು. ಟ್ರೇಲರಿನ ಬ್ರೇಕ್ ಹಿಡಿದೇ ಇರುತ್ತದೆ, ಕಚ್ಚು ಗಟ್ಟಿಯಾಗಿದ್ದರೆ ಗಾಡಿ ಮುಗ್ಗರಿಸಿ ನಿಲ್ಲಬೇಕು. ನಿಂತಿತು. ಕಂಪನಿಯ ಪದ್ಧತಿಯಂತೆ ಎರಡನೇ ಸಲವೂ ಜಗ್ಗಿದೆ. ನಿಂತಿತು.

ಇಷ್ಟಾದ ಮೇಲೆ ಎಂಜಿನ್ ನಿಲ್ಲಿಸಿ, ಇಳಿದು, ಟಾರ್ಚ್ ಹಿಡಿದು ಬಗ್ಗಿ, ಕಚ್ಚು ಪೂರ್ತಿ ಮುಚ್ಚಿದೆಯೇ ಎಂದು ಕಣ್ಣಾರೆ ನೋಡಬೇಕು. ಗಡಿಬಿಡಿಯಲ್ಲಿ ಬಹಳಷ್ಟು ಮಂದಿ ಇದನ್ನು ಬಿಟ್ಟುಬಿಡುತ್ತಿದ್ದರು. ಎರಡು ಸಲ ಜಗ್ಗಿದ ಮೇಲೆ ಇನ್ನೇನು ನೋಡುವುದು? ನನಗೂ ಬಗ್ಗುವುದೆಂದರೆ ಆ ದಿನ ಬೇಡವಾಗಿತ್ತು, ಬಗ್ಗಿದರೆ ಏಳಲಾರೆ ಎನ್ನುವಷ್ಟು ಸೊಂಟ ಬಿದ್ದುಹೋಗಿತ್ತು. ಬೈದುಕೊಂಡೇ ಬಗ್ಗಿದೆ. ಕಚ್ಚು ಸರಿಯಾಗಿತ್ತು. ಟಾರ್ಚಿನ ಬೆಳಕು ಇನ್ನೂ ಸ್ವಲ್ಪ ಹಿಂದೆ ಹೋಯಿತು. ಟ್ರೇಲರಿನ ಹಿಂದಿನ ಚಕ್ರಗಳ ಮಗ್ಗುಲಲ್ಲಿ, ರಟ್ಟಿನ ಮೇಲೆ, ಕಾಲುಚೀಲ ಹಾಕಿದ ಎರಡು ಅಂಗಾಲು.

ನನ್ನ ಗಂಟಲಿನಿಂದ ಏನು ಸ್ವರ ಹೊರಟಿತೋ ಗೊತ್ತಿಲ್ಲ. ಅಂಗಾಲುಗಳು ಅಲ್ಲಾಡಲಿಲ್ಲ. ಟಾರ್ಚು ಎಸೆದು ತೆವಳಿಕೊಂಡು ಹೋಗಿ ಹಿಮ್ಮಡಿ ಹಿಡಿದು ಅಲುಗಿಸಿದೆ. ಪಾಕ್‌ಚಿಕ್ ನಿಧಾನವಾಗಿ ಕಣ್ಣು ಬಿಟ್ಟರು. ಪಿನಾಂಗಿನಿಂದ ಆ ಟ್ರೇಲರನ್ನು ತಂದದ್ದು ಅವರೇ. ಬಿಡಿಸಿಟ್ಟು, ಪ್ರೈಮ್ ಮೂವರನ್ನು ಆ ತುದಿಯಲ್ಲಿ ನಿಲ್ಲಿಸಿ, ರೂಢಿಯಂತೆ ಬೂಟುಗಳನ್ನು ಅದರ ಬಾಗಿಲ ಕೆಳಗೆ ಇಟ್ಟು, ಕಾಲುಚೀಲದಲ್ಲೇ ನಡೆದು ಬಂದು ತಾವು ತಂದ ಟ್ರೇಲರಿನ ಕೆಳಗೇ ಮಲಗಿದ್ದರು. ಫೋರ್ಕ್‌ಲಿಫ್ಟುಗಳು ದಿನವಿಡೀ ಗುದ್ದಾಡುವ ಯಾರ್ಡಿನಲ್ಲಿ ಮಲಗಿ ಅಭ್ಯಾಸವಾದವರಿಗೆ ಆ ಜಗ್ಗು ಎಚ್ಚರ ತರಿಸಿರಲಿಲ್ಲ.

“ಏನಾಯ್ತು?” ಎಂದರು.

“ಈ ಟ್ರೇಲರ್ ಈಗ ಹೊರಡ್ತಾ ಇತ್ತು, ಪಾಕ್‌ಚಿಕ್! ನಾನು ಎಳೀತಾ ಇದ್ದೆ!”

ಅವರು ಅಂಗಿಯ ಜೇಬಿನ ಗುಂಡಿ ಬಿಚ್ಚಿ ಕೀ ತೆಗೆದು ನನ್ನ ಮುಖದ ಮುಂದೆ ಹಿಡಿದರು. “ಹೇಗೆ ಹೊರಡುತ್ತೆ? ಕೀ ನನ್ನ ಹತ್ರ ಇದೆಯಲ್ಲ.”

ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆಮೇಲೆ ತಲೆ ಹೊರಳಿಸಿ ಮುಂದೆ ಕಟ್ಟಿ ನಿಂತ ನನ್ನ ಪ್ರೈಮ್ ಮೂವರನ್ನು ನೋಡಿದರು. ಕೈಯಲ್ಲಿದ್ದ ಕೀಯನ್ನು ನೋಡಿದರು. ಜೀವನವಿಡೀ ತಮ್ಮನ್ನು ಕಾಯ್ದುಕೊಂಡು ಬಂದ ರೂಢಿ ಈಗ ಯಾವುದಕ್ಕೂ ಬರುವುದಿಲ್ಲ ಎಂದು ಅವರಿಗೆ ಹೊಳೆದದ್ದನ್ನು ನಾನು ಕಣ್ಣಾರೆ ಕಂಡೆ. ಕೀಯನ್ನು ಮತ್ತೆ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು.

ಹೊರಗೆ ಬಂದಾಗ ಮ್ಯಾನೇಜರ್ ಎದುರಿಗೇ ನಿಂತಿದ್ದರು. ಬೆಲ್ಜಿಯಂನವರು, ಎತ್ತರದ ಆಳು, ಸ್ವರ ಎತ್ತಿ ಮಾತಾಡಿದವರೇ ಅಲ್ಲ. ಮೇಲಿನ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರು. ಇಬ್ಬರಿಗೂ ಏಟಾಗಿಲ್ಲ ತಾನೇ ಎಂದು ಮೊದಲು ಕೇಳಿದರು, ಆಮೇಲೆ ಆಫೀಸಿಗೆ ಬನ್ನಿ ಎಂದರು. ಬಿಡಿಸಿಟ್ಟ ಟ್ರೇಲರಿನ ಕೆಳಗೆ ಯಾರೇ ಸಿಕ್ಕಿದರೂ ಅದೇ ದಿನ ಕೆಲಸದಿಂದ ಹೊರಗೆ, ಇದು ಕಂಪನಿಯ ನಿಯಮ. ಅವರ ಊರಿನ ಯಾರ್ಡಿನಲ್ಲಿ ಹಿಂದೆ ಒಬ್ಬ ಹಾಗೇ ಸತ್ತಿದ್ದನಂತೆ. ನಿಯಮ ತಪ್ಪು ಎಂದು ನಾನು ಹೇಗೆ ಹೇಳಲಿ? ಸ್ವಲ್ಪ ಮೊದಲು ಆ ಅಂಗಾಲುಗಳನ್ನು ನೋಡಿದವನು ನಾನೇ.

ಆಫೀಸಿನ ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ಮೈಸೂರಿನ ಹುಡುಗ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದ. ಅವನ ಮುಖ ಸುಣ್ಣದ ಹಾಗಾಗಿತ್ತು.

“ನಾನು ಸ್ಲಾಟ್ ಚೇಂಜ್ ಮಾಡಿದ್ದು ಅಂಕಲ್. ಮೈಕಲ್ಲಿ ಅನೌನ್ಸ್ ಮಾಡ್ಬೇಕು ಅಂತ ಹೊಳೀಲೇ ಇಲ್ಲ. ಟ್ರೇಲರ್ ಅಡೀಲಿ ಜನ ಇರ್ತಾರೆ ಅಂತ ನಂಗೆ ಗೊತ್ತೇ ಇಲ್ಲ.” ಆಮೇಲೆ ಆಫೀಸಿನ ಬಾಗಿಲ ಕಡೆ ನೋಡಿ ಪಿಸುಗುಟ್ಟಿದ. “ಒಂದೇ ಒಂದು ದಾರಿ ಇದೆ. ಯೆಲ್ಲೋ ಕಾರ್ಡ್. ಸುಸ್ತಾಗಿತ್ತು, ನಿಲ್ಲೋಕೆ ಆಗ್ಲಿಲ್ಲ, ಮಲಗ್ಬಿಟ್ಟೆ ಅಂತ ಅವರು ಹೇಳಿದ್ರೆ ಆ ರೂಲ್ ಅಪ್ಲೈ ಆಗಲ್ಲ. ಸುಸ್ತು ಅಂದವರನ್ನ ತೆಗೆಯೋ ಹಾಗಿಲ್ಲ. ಬಾಸ್ ಕೂಡ ಅದನ್ನೇ ಕಾಯ್ತಾ ಇದಾರೆ ಅನ್ಸುತ್ತೆ. ನೀವು ಹೇಳಿ ಅಂಕಲ್, ನಂಗೆ ಮಲಯ್ ಬರಲ್ಲ.”

ನಾನು ಹೇಳಿದೆ. ಪಾಕ್‌ಚಿಕ್ ಗೋಡೆ ನೋಡುತ್ತಾ ಕೇಳಿಸಿಕೊಂಡರು.

“ನಾನು ಮಲಗಿದ್ದೆ. ಸುಸ್ತಾಗಿರಲಿಲ್ಲ.”

“ಒಂದು ಮಾತು, ಪಾಕ್‌ಚಿಕ್. ಕೆಲಸ ಉಳಿಯುತ್ತೆ.”

“ನನಗೆ ಸುಸ್ತಾಗಿರಲಿಲ್ಲ,” ಎಂದರು ಮತ್ತೆ, ಅಷ್ಟೇ ಸಮಾಧಾನವಾಗಿ.

ನನಗೆ ಸಿಟ್ಟು ಬಂತು. ಯಾರಿಗೆ ಸುಸ್ತಾಗಿಲ್ಲ ಈ ಯಾರ್ಡಿನಲ್ಲಿ? ಎರಡು ಸಲ ಟ್ರೇಲರ್ ಜಗ್ಗಿದರೂ ಎಚ್ಚರವಾಗದಂತೆ ಬಿದ್ದಿದ್ದ ಮನುಷ್ಯ, ಸುಸ್ತಾಗಿರಲಿಲ್ಲವಂತೆ! ಆದರೆ ಹಿರಿಯರ ಮೇಲೆ ಕೂಗಾಡುವುದು ಹೇಗೆ?

ಒಳಗೆ ಮ್ಯಾನೇಜರ್ ಮೊದಲು ನನ್ನನ್ನು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕಟ್ಟಿದ್ದು, ಜಗ್ಗಿದ್ದು, ಬಗ್ಗಿದ್ದು. ಹೇಳಿ ಮುಗಿಸುವ ಮೊದಲೇ ಮೇಜು ಹಿಡಿದುಕೊಂಡೆ. ಟ್ರೇಲರ್ ಇನ್ನೂ ಹೊರಟಿಲ್ಲ, ನೀನು ಒಯ್ಯಬಲ್ಲೆಯಾ ಎಂದು ಅವರು ಕೇಳಿದಾಗ, ಯೋಚಿಸುವುದಕ್ಕೆ ಮೊದಲೇ ನನ್ನ ಬಾಯಿಯಿಂದ ಬಂತು: “ಇಲ್ಲ ಸರ್. ಐ ಯಾಮ್ ಟೈರ್ಡ್.” ಕೀ ತೆಗೆದು ಮೇಜಿನ ಮೇಲಿಟ್ಟೆ. ನಾಚಿಕೆಯಾಗಲಿಲ್ಲ. ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು, ಇಷ್ಟೇನಾ ಎನಿಸಿತು. ಮ್ಯಾನೇಜರ್ ಕೀ ತೆಗೆದುಕೊಂಡು “ಥ್ಯಾಂಕ್ ಯೂ” ಎಂದರು. ಅಷ್ಟೇ. ಕಾರ್ಡಿನಲ್ಲಿದ್ದದ್ದು ಸುಳ್ಳಾಗಿರಲಿಲ್ಲ.

ಇದನ್ನು ನೋಡಿದ ಪಾಕ್‌ಚಿಕ್ ದಾರಿಗೆ ಬರುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ನೋಡಿದರು, ಮೇಜಿನ ಮೇಲಿನ ಕೀ ನೋಡಿದರು. ಅವರ ಮುಖದಲ್ಲಿ ಮರುಕ ಬಂತು. ಒಂದು ಹೆಜ್ಜೆ ಮುಂದೆ ಬಂದು ಮ್ಯಾನೇಜರಿಗೆ ಮಲಯ್‌ನಲ್ಲಿ ಹೇಳಿದರು, “ಇವನು ಪಾಪ ಹೆದರಿದ್ದಾನೆ, ಮೇಜು ಹಿಡಿದು ನಿಂತಿದ್ದಾನೆ. ಇವನನ್ನು ಮನೆಗೆ ಕಳಿಸಿ. ಆ ಟ್ರೇಲರ್ ನಾನು ಒಯ್ಯುತ್ತೇನೆ. ಅದರ ಕೆಳಗೆ ಚೆನ್ನಾಗಿ ಮಲಗಿದ್ದೆ, ಗಾಳಿ ಇತ್ತು. ನನಗೆ ಏನೂ ಸುಸ್ತಿಲ್ಲ.”

ತಲೆ ಮೇಲೆ ಕೈ ಹೊತ್ತುಕೊಳ್ಳಬೇಕು ಅನ್ನಿಸಿತು. ನನ್ನನ್ನು ಉಳಿಸಲು ಹೋಗಿ ಅವರು ತಮ್ಮ ಕುತ್ತಿಗೆಯನ್ನು ತಾವೇ ಒಡ್ಡಿದ್ದರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಅವರಿಗೆ ಮಲಯ್ ಬಾರದು, ಆ ಕೋಣೆಯಲ್ಲಿ ಎರಡೂ ಭಾಷೆ ತಿಳಿದವನು ನಾನೊಬ್ಬನೇ. “ಏನು ಹೇಳುತ್ತಿದ್ದಾರೆ?”

ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿಗೆ ತಿರುಗಿಸಿದರೆ ಪಾಕ್‌ಚಿಕ್ ಆ ಸಂಜೆ ಗೇಟಿನ ಹೊರಗೆ. ಬಾಗಿಲಲ್ಲಿ ನಿಂತಿದ್ದ ಮೈಸೂರಿನ ಹುಡುಗ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ ಎಂದರೂ ಸರಿಯೇ.

“ಪಾಕ್‌ಚಿಕ್ ಈಸ್ ಟೈರ್ಡ್, ಸರ್,” ಎಂದೆ. “ಪಿನಾಂಗಿನಿಂದ ಬಂದಾಗ ನಿಲ್ಲಲೂ ಆಗುತ್ತಿರಲಿಲ್ಲವಂತೆ. ನೆರಳು ಕಂಡಲ್ಲಿ ಬಿದ್ದುಕೊಂಡೆ ಎನ್ನುತ್ತಿದ್ದಾರೆ. ವೆರಿ ಟೈರ್ಡ್.”

ಪಾಕ್‌ಚಿಕ್ ನನ್ನ ಕಡೆ ತಿರುಗಿದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಆದರೆ ಆ ಶಬ್ದ ಗೊತ್ತಿತ್ತು. ಪ್ರತಿದಿನ ತಲೆಯ ಮೇಲಿನ ಕಾರ್ಡಿನಲ್ಲಿ ದಪ್ಪಕ್ಷರದಲ್ಲಿ ಇದ್ದದ್ದೇ ಅದು. ‘ನೋ’ ಎಂದು ಒಂದು ಮಾತು ಅನ್ನಲು ಅವರಿಗೆ ಬರುತ್ತಿತ್ತು. ಅಂದಿದ್ದರೆ ನಾನು ಮ್ಯಾನೇಜರಿನ ಎದುರು ಸುಳ್ಳುಗಾರನಾಗುತ್ತಿದ್ದೆ. ಅವರು ನನ್ನನ್ನು ನೋಡುತ್ತಲೇ ಇದ್ದರು, ಆಮೇಲೆ ಕಣ್ಣು ಕೆಳಗೆ ಹಾಕಿ ಸುಮ್ಮನೆ ನಿಂತರು. ಆ ಮೌನದಿಂದ ಅವರು ಉಳಿಸಿದ್ದು ತಮ್ಮ ಕೆಲಸವನ್ನಲ್ಲ, ನನ್ನ ಮಾನವನ್ನು. ಅದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಮ್ಯಾನೇಜರ್ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಅವರಿಗೂ ಅದೇ ಬೇಕಾಗಿತ್ತು. ಪಾಕ್‌ಚಿಕ್‌ರ ಕೈ ಕುಲುಕಿ, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದರು. ಆ ಕೈಕುಲುಕನ್ನು ನೋಡಲಾಗದೆ ನಾನು ಕಿಟಕಿಯ ಹೊರಗೆ ನೋಡಿದೆ. ಟ್ರೇಲರಿನ ಮಾಲು ಆ ದಿನದ ವಿಮಾನಕ್ಕೆ ಸಿಗಲಿಲ್ಲ. ಮಾರನೆಯ ದಿನದ ವಿಮಾನದಲ್ಲಿ ಹೋಯಿತು, ಪ್ರಪಂಚವೇನೂ ಮುಳುಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಡ್ಯೂಟಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

“ನೀವು ಮಾಡಿದ್ದು ಸರಿಯೇ ಮಾರಾಯ್ರೆ. ಅನ್ನ ಉಳಿಸಿದ್ರಿ,” ಎಂದಳು. ಬಾಗಿಲವರೆಗೆ ಹೋಗಿ ತಿರುಗಿದಳು. “ಆದ್ರೆ ನಮ್ಮ ವಾರ್ಡಲ್ಲೂ ಇರ್ತಾರೆ ಅಂಥವರು. ನೋವುಂಟಾ ಕೇಳಿದ್ರೆ ಇಲ್ಲ ಅಂತಾರೆ. ಇಲ್ಲ ಅನ್ಲಿಕ್ಕೆ ಬಿಡ್ಬೇಕಾಗ್ತದೆ ಒಮ್ಮೊಮ್ಮೆ.”

ಕಂಪನಿ ಒಳ್ಳೆಯ ಕೆಲಸವನ್ನೂ ಮಾಡಿತು. ಹಳೆಯ ಕಂಟೇನರೊಂದಕ್ಕೆ ಕಿಟಕಿ ಕೊರೆದು, ಎ.ಸಿ. ಕೂರಿಸಿ, ಮಂಚಗಳನ್ನು ಹಾಕಿ ಯಾರ್ಡಿನ ಮೂಲೆಯಲ್ಲಿ ಇಟ್ಟರು. ಮೊದಲ ದಿನ ಅದರಲ್ಲಿ ಮಲಗಿದಾಗ ನನಗೆ ಅಳು ಬರುವಷ್ಟು ಸುಖವಾಯಿತು. ಟ್ರೇಲರ್ ಎಳೆಯುವ ಮೊದಲು ಮೈಕಿನಲ್ಲಿ ಕೂಗುವ ಪದ್ಧತಿಯೂ ಬಂತು.

ಪಾಕ್‌ಚಿಕ್‌ರನ್ನು ಸಂಬಳ ಸಹಿತ ಮನೆಗೆ ಕಳಿಸಿ, ಡಾಕ್ಟರಿಗೆ ತೋರಿಸಿ, ವಾಪಸು ಕರೆಸಿಕೊಂಡರು. ಕೆಲಸ ಉಳಿಯಿತು. ಆದರೆ ಅವರಿಗೆ ಪಿನಾಂಗ್ ಸವಾರಿ ಬರಲಿಲ್ಲ. ಬಂದರಿನಿಂದ ಜುರಾಂಗಿಗೆ, ಜುರಾಂಗಿನಿಂದ ಚಾಂಗಿಗೆ, ಊರೊಳಗಿನ ಸಣ್ಣಪುಟ್ಟ ಸಾಗಾಟಗಳೇ ಬಂದವು. ನಾನು ಮೈಸೂರಿನ ಹುಡುಗನನ್ನು ಹಿಡಿದು ಕೇಳಿದೆ.

“ಸಿಸ್ಟಮ್ ಅಂಕಲ್. ಒಂದ್ಸಲ ಸುಸ್ತು ಅಂತ ರೆಕಾರ್ಡ್ ಆದ್ರೆ, ಆ ವಯಸ್ಸಿಗೆ, ಲಾಂಗ್ ರೂಟ್ ಬ್ಲಾಕ್ ಆಗುತ್ತೆ. ಹೆಡ್ ಆಫೀಸಿಂದ ಬಂದ ಕಂಡಿಷನ್. ನಾನು ಎರಡು ಸಲ ರಿಕ್ವೆಸ್ಟ್ ಹಾಕಿದೆ. ಆಗಲ್ಲ ಅಂದ್ರು.”

“ನನ್ನದೂ ರೆಕಾರ್ಡ್ ಆಗಿದೆಯಲ್ಲ?”

“ನಿಮ್ಮದು ಆ ವಯಸ್ಸಲ್ಲ ಅಂಕಲ್,” ಎಂದು ತಲೆ ತಗ್ಗಿಸಿದ.

ಹಾಗೆ ಪಾಕ್‌ಚಿಕ್ ಹೇಳಿದ್ದೇ ನಿಜವಾಯಿತು. ಆ ಮಾತು ಅವರನ್ನು ಮುದುಕನನ್ನಾಗಿ ಮಾಡಿತು, ಆಡಿದವನು ನಾನು. ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಹಗುರಾಗುತ್ತಿತ್ತು. ಎದುರು ಸಿಕ್ಕಿದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬರುವುದನ್ನು ಬಿಟ್ಟರು. ಎ.ಸಿ. ಕಂಟೇನರಿನೊಳಗೆ ಒಂದು ದಿನವೂ ಕಾಲಿಡಲಿಲ್ಲ. ವಿಶ್ರಾಂತಿಯ ಹೊತ್ತಿನಲ್ಲಿ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ತೆರೆದುಕೊಂಡು ಕೂತಿರುತ್ತಿದ್ದರು. ಹೋಗಿಬರುವ ಪ್ರತಿಯೊಬ್ಬನಿಗೂ ಕಾಣುವ ಜಾಗ ಅದು. ಕೆಲವು ಹುಡುಗರು ನಗುತ್ತಿದ್ದರು. ನನಗೆ ಆ ಗೇಟು ದಾಟುವುದೇ ಒಂದು ಶಿಕ್ಷೆಯಾಯಿತು. ಮತ್ತೆ ಅಂಥದೇ ಕೋಣೆಯಲ್ಲಿ ನಿಲ್ಲಿಸಿ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಆದರೂ ನೋವು ನೋವೇ.

ಚೀನೀ ಹೊಸವರ್ಷ ಕಳೆದ ಮೇಲೆ, ಒಂದು ಸಂಜೆ ಪಿನಾಂಗಿನಿಂದ ಬಂದೆ. ವುಡ್‌ಲ್ಯಾಂಡ್ಸ್‌ನ ಸಾಲು ಆ ದಿನ ಎಂದಿಗಿಂತ ಉದ್ದವಿತ್ತು, ಎಡಗಾಲು ನನ್ನದೇ ಅನ್ನಿಸುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದಾಗ ಪಾಕ್‌ಚಿಕ್ ಕುರ್ಚಿಯಿಂದ ಎದ್ದು ನನ್ನ ಕಡೆ ನಡೆದು ಬರುವುದು ಕನ್ನಡಿಯಲ್ಲಿ ಕಂಡಿತು. ಮುಂದಿನ ಚಕ್ರದ ಬಳಿ ನಿಂತು, ಅಂಗೈ ಹಿಂಬದಿಯನ್ನು ಟಯರಿನ ಮೇಲಿಟ್ಟು ಕಾವು ನೋಡಿದರು.

“ಇಪೋದ ಹತ್ತಿರ ಮಳೆ ಇತ್ತಾ?”

“ಇತ್ತು. ಘಾಟಿ ಇಳಿಯುವವರೆಗೂ ಬಿಡಲಿಲ್ಲ.”

“ಬ್ರೇಕ್ ಹಾಕಿದ್ಯಾ?”

“ಇಲ್ಲ. ಗೇರಲ್ಲೇ ಇಳಿಸಿದೆ.”

ಸರಿ ಎಂಬಂತೆ ತಲೆಯಾಡಿಸಿದರು. ನಾನು ಹಿಡಿಕೆ ಹಿಡಿದು ಇಳಿಯತೊಡಗಿದೆ. ಕೊನೆಯ ಮೆಟ್ಟಿಲಲ್ಲಿ ಕಾಲು ಮಡಚಲು ಬಾರದೆ ಒಂದು ಕ್ಷಣ ಹಾಗೇ ನೇತುಕೊಂಡು ನಿಂತೆ. ಅವರು ಕೆಳಗಿನಿಂದ ನನ್ನ ಮುಖ ನೋಡಿದರು.

“ಸುಸ್ತಾಗಿದೆಯಾ?”

“ಇಲ್ಲ, ಪಾಕ್‌ಚಿಕ್,” ಎಂದೆ.

ಅವರು ಕೈ ಚಾಚಿ ನನ್ನ ಹೆಗಲಿನ ಚೀಲವನ್ನು ತೆಗೆದುಕೊಂಡು ಕ್ಯಾಂಟೀನಿನ ಕಡೆಗೆ ಮುಂದೆ ನಡೆದರು.